ಕ್ಲೌಡಿಗೆ ಹಾಕಿದ ಕಾರ್ಡು ವಾಪಸ್ ಬರುತ್ತದೆಯೇ?

ಓದುಗರ ಪ್ರಶ್ನೆ, ಹಾಸನದ ಕಣ್ಣಿನ ಡಾಕ್ಟರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಮನೆಯವರು ಚಿಕ್ಕಮಗಳೂರಿನಲ್ಲಿ ಕಣ್ಣಿನ ಡಾಕ್ಟರು. ಸ್ವಂತ ಕ್ಲಿನಿಕ್. ಕೌಂಟರ್, ಕಾರ್ಡು, ಲೆಕ್ಕ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ರೋಗಿಗಳ ವಿವರ ಬರೆದಿಟ್ಟ ಹದಿನಾಲ್ಕು ವರ್ಷದ ಕಾರ್ಡುಗಳು ಎರಡು ಬೀರು ತುಂಬಿವೆ. ಮೂರನೆಯ ಬೀರುವಿಗೆ ಜಾಗವಿಲ್ಲ. ಮಳೆಗಾಲದಲ್ಲಿ ಕಾರ್ಡುಗಳಿಗೆ ಮುಗ್ಗಲು ಹಿಡಿಯುತ್ತದೆ. ಈಗ ಕಂಪನಿಯವರೊಬ್ಬರು ಬಂದು, ಎಲ್ಲ ಕ್ಲೌಡಿಗೆ, ಅಂದರೆ ನೆಟ್ ಮೂಲಕ ನಮ್ಮ ಕಂಪ್ಯೂಟರಿಗೆ ಹಾಕಿಬಿಡಿ, ಸ್ವಂತ ಸರ್ವರ್ ಬೇಡ, ಬ್ಯಾಕಪ್ ತಲೆನೋವು ಬೇಡ, ತಿಂಗಳಿಗಿಷ್ಟು ಕಟ್ಟಿದರೆ ಸಾಕು ಅಂತ ಹೇಳಿ ಹೋಗಿದ್ದಾರೆ. ಮನೆಯವರು ಒಪ್ಪುವ ಹಾಗಿದ್ದಾರೆ. ನನಗೆ ಯಾಕೋ ಅಳುಕು. ನೀವು ಬಳಸುತ್ತಿದ್ದೀರಿ ಅಂತ ಕೇಳಿದ್ದೇನೆ. ತೊಂದರೆ ಏನೇನಿದೆ, ಮುಚ್ಚುಮರೆ ಇಲ್ಲದೆ ಹೇಳಿ.
— ಓದುಗರು, ಚಿಕ್ಕಮಗಳೂರು

ಉತ್ತರ: ನಿಮ್ಮ ಅಳುಕಿಗೆ ಕಾರಣ ಇದೆ. ನಾನು ಆರು ವರ್ಷದಿಂದ ಇಂಥ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಇವತ್ತಿಗೂ ಬಿಟ್ಟಿಲ್ಲ. ಆದರೆ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ನಾನು ಪಟ್ಟ ಪಾಡು ನಿಮಗೆ ಬರಬಾರದು. ಅದನ್ನೇ ಮೊದಲು ಹೇಳುತ್ತೇನೆ.

ನಾಲ್ಕನೇ ವರ್ಷ ಮೊದಲ ಕಂಪನಿಯವರು ತಿಂಗಳ ಹಣ ಜಾಸ್ತಿ ಮಾಡಿದರು. ಫೋಟೋಗಳು ಹೆಚ್ಚಾಗಿವೆ, ಅವುಗಳನ್ನು ಇಡುವ ಜಾಗಕ್ಕೆ ಬೇರೆ ಕೊಡಬೇಕು ಅಂದರು. ಸರಿ, ಬೇರೆಯವರ ಹತ್ತಿರ ಹೋಗೋಣ, ನಮ್ಮ ದಾಖಲೆ ಕೊಡಿ ಅಂದೆ. ಕೊಟ್ಟರು. ಒಂದು ಎಕ್ಸೆಲ್ ಶೀಟ್, ಒಂದು ರಾಶಿ ಪಿಡಿಎಫ್. ಹೆಸರು, ವಯಸ್ಸು, ಫೋನ್ ನಂಬರ್, ಕನ್ನಡಕದ ಪವರ್ ಎಲ್ಲ ಶೀಟಿನಲ್ಲಿತ್ತು. ಕಣ್ಣಿನ ಒಳಗಿನ ಫೋಟೋಗಳು ಬೇರೆ ಫೋಲ್ಡರಿನಲ್ಲಿದ್ದವು. ಹೆಸರಿರಬೇಕಾದ ಜಾಗದಲ್ಲಿ ಉದ್ದುದ್ದ ಅಂಕಿಗಳು. ಯಾವ ಫೋಟೋ ಯಾರದು, ಬಲಗಣ್ಣೋ ಎಡಗಣ್ಣೋ, ಯಾವ ವರ್ಷದ್ದು ಅಂತ ತಿಳಿಯುವ ದಾರಿಯೇ ಇರಲಿಲ್ಲ. ಕಣ್ಣು ಪರೀಕ್ಷಿಸುವಾಗ ನಾನು ಕೈಯಲ್ಲಿ ಬಿಡಿಸಿದ ಚಿತ್ರಗಳಂತೂ ಬರಲೇ ಇಲ್ಲ.

ಜ್ವರಕ್ಕೆ ಔಷಧಿ ಕೊಡುವಾಗ ಮೂರು ವರ್ಷದ ಹಿಂದಿನ ಚೀಟಿ ಬೇಕಾಗುವುದು ಅಪರೂಪ. ಕಣ್ಣಿನಲ್ಲಿ ಹಾಗಾಗುವುದಿಲ್ಲ. ಗ್ಲಾಕೋಮಾ ತೆಗೆದುಕೊಳ್ಳಿ, ಅಂದರೆ ಕಣ್ಣಿನ ನರ ಸವೆಯುತ್ತಾ ದೃಷ್ಟಿ ಹೋಗುವ ಕಾಯಿಲೆ. ಕಣ್ಣಿನ ಒತ್ತಡ 10ರಿಂದ 21ರವರೆಗೆ ಸಾಮಾನ್ಯ ಅಂತ ಓದಿರುತ್ತೇವೆ. ಆದರೆ 17 ಇದ್ದೂ ನರ ಸವೆಯುವವರಿದ್ದಾರೆ. 24 ಇದ್ದೂ ವರ್ಷಗಟ್ಟಲೆ ಏನೂ ಆಗದವರಿದ್ದಾರೆ. ಹಾಗಾಗಿ ಇವತ್ತಿನ ಅಂಕಿ ಒಂದನ್ನೇ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಹೋದ ವರ್ಷ ನರದ ನಡುವಿನ ಗುಳಿ ಎಷ್ಟಿತ್ತು, ಸುತ್ತಲಿನ ನೋಟ ಎಷ್ಟಿದೆ ಅಂತ ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ಕಪ್ಪು ಜಾಗ ಎಲ್ಲಿತ್ತು, ಈಗ ಎಷ್ಟು ಹಬ್ಬಿದೆ ಅಂತ ಪಕ್ಕಪಕ್ಕ ಇಟ್ಟು ನೋಡಬೇಕು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಹೋಗುತ್ತಿದೆ ಅಂತ ಬೇಗ ತಿಳಿಯುವುದೊಂದೇ ನಮ್ಮ ಕೈಲಿರುವುದು. ಅದಕ್ಕೆ ಹಳೆಯ ದಾಖಲೆ ಬೇಕೇ ಬೇಕು.

ಆ ಸಮಯದಲ್ಲಿ ಅರಕಲಗೂಡು ಕಡೆಯ ರೈತರೊಬ್ಬರು ಬಂದರು. ಐದು ವರ್ಷದಿಂದ ನನ್ನ ಹತ್ತಿರವೇ ತೋರಿಸುತ್ತಿದ್ದವರು. ಎಡಗಣ್ಣು ಮೊದಲಿಗಿಂತ ಕಡಿಮೆ ಆಗಿದೆ ಅನಿಸಿತು. ಹೋಲಿಸಿ ನೋಡೋಣ ಅಂದರೆ ನನ್ನ ಹತ್ತಿರ ಏನೂ ಇಲ್ಲ. ಹಳೆಯ ಚೀಟಿ ಏನಾದರೂ ಇದೆಯಾ ಅಂತ ಕೇಳಿದೆ. ಅವರು ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಪಹಣಿ, ರೇಷನ್ ಕಾರ್ಡಿನ ಜೊತೆ ಮಡಚಿಟ್ಟ ಎರಡು ಫೀಲ್ಡ್ ರಿಪೋರ್ಟ್. ನಾನೇ ಯಾವಾಗಲೋ ಪ್ರಿಂಟ್ ಕೊಟ್ಟಿದ್ದೆ. ಆ ಎರಡು ಹಾಳೆ ನೋಡಿ ಅವತ್ತೇ ಔಷಧಿ ಬದಲಾಯಿಸಿದೆ. ಅವು ಇಲ್ಲದಿದ್ದರೆ ಹೊಸದಾಗಿ ಟೆಸ್ಟ್ ಮಾಡಿ, ಆರಾರು ತಿಂಗಳು ಕಾದು, ಮತ್ತೆ ಟೆಸ್ಟ್ ಮಾಡಿ ತಿಳಿಯಬೇಕಾಗಿತ್ತು. ಅಷ್ಟರಲ್ಲಿ ಇನ್ನಷ್ಟು ದೃಷ್ಟಿ ಹೋಗುತ್ತಿತ್ತು. ಹಾಗಿರುವ ಇನ್ನೂ ಎಷ್ಟೋ ಜನರ ಕೈಯಲ್ಲಿ ಯಾವ ಹಾಳೆಯೂ ಇರಲಿಲ್ಲ. ಅವರನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

ಹಾಗಾಗಿ ಕಂಪನಿಯವರನ್ನು ನೀವು ಕೇಳಬೇಕಾದ ಮೊದಲ ಮಾತು ಇದು: ನಾಳೆ ನಾವು ಬಿಟ್ಟು ಹೋದರೆ, ಅಥವಾ ನೀವೇ ಅಂಗಡಿ ಮುಚ್ಚಿದರೆ, ನಮ್ಮ ದಾಖಲೆ ಯಾವ ರೂಪದಲ್ಲಿ ಕೊಡುತ್ತೀರಿ? "ಕೊಡುತ್ತೇವೆ" ಅನ್ನುವ ಬಾಯಿಮಾತು ಸಾಲದು. ಪ್ರತಿ ಫೋಟೋದ ಜೊತೆ ರೋಗಿಯ ನಂಬರ್, ಯಾವ ಕಣ್ಣು, ಯಾವ ದಿನ ಅನ್ನುವುದು ಅಂಟಿಕೊಂಡೇ ಬರಬೇಕು. ಇದಕ್ಕೆ ಡೈಕಾಮ್ ಅಂತ ಒಂದು ಮಾನದಂಡ ಇದೆ. ಸ್ಕ್ಯಾನಿಂಗ್ ಸೆಂಟರಿನವರಿಗೆಲ್ಲ ಗೊತ್ತಿರುವುದೇ. ಆ ಹೆಸರನ್ನು ಒಪ್ಪಂದದಲ್ಲಿ ಬರೆಸಿ. ಮೊದಲ ತಿಂಗಳಲ್ಲೇ ಹತ್ತು ಜನರ ದಾಖಲೆ ಹೊರಗೆ ತೆಗೆದುಕೊಡಿ ಅನ್ನಿ. ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹಳೆಯ ಕಾರ್ಡುಗಳನ್ನು ರದ್ದಿಗೆ ಹಾಕುವುದು ಆಮೇಲಿನ ಮಾತು.

ಕಣ್ಣಿನ ಒಳಗಿನ ಪದರಗಳನ್ನು ಸ್ಕ್ಯಾನ್ ಮಾಡುವ ಓಸಿಟಿ ಮೆಷಿನ್ ಇದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಕ್ಲೌಡಿಗೆ ಹೋಗುವುದು ಎಷ್ಟೋ ಸಲ ಆ ಸ್ಕ್ಯಾನಿನ ರಿಪೋರ್ಟ್ ಪುಟದ ಚಿತ್ರ ಮಾತ್ರ. ಪೂರ್ತಿ ಸ್ಕ್ಯಾನ್ ಮೆಷಿನ್ನಿನ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಹಳೆಯ ಸ್ಕ್ಯಾನ್ ಮತ್ತು ಹೊಸ ಸ್ಕ್ಯಾನ್ ಎರಡನ್ನೂ ಅಳೆದು ನರದ ಪದರ ಎಷ್ಟು ತೆಳುವಾಗಿದೆ ಅಂತ ಹೇಳುವ ಲೆಕ್ಕ ಆ ಮೆಷಿನ್ನಿನ ಸಾಫ್ಟ್‌ವೇರಿನಲ್ಲೇ ಆಗಬೇಕು. ಎಲ್ಲ ಕ್ಲೌಡಿನಲ್ಲಿದೆ ಅಂದುಕೊಂಡು ಮೆಷಿನ್ನಿನ ಡಿಸ್ಕ್ ತುಂಬಿದಾಗ ಹಳೆಯದನ್ನು ಅಳಿಸಿದರೆ ಹೋಯಿತು. ನಿಮ್ಮಲ್ಲಿ ಆ ಕೆಲಸ ಯಾರು ಮಾಡುತ್ತಾರೋ ಅವರಿಗೆ ಇವತ್ತೇ ಹೇಳಿಡಿ.

ಇನ್ನು ನೆಟ್. ಮಲೆನಾಡಿನ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಮರ ಬಿದ್ದರೆ ಕರೆಂಟೂ ಹೋಯಿತು, ಫೈಬರ್ ಕೇಬಲ್ಲೂ ಹೋಯಿತು. ಒಂದು ಜುಲೈ ತಿಂಗಳು, ಬೆಳಿಗ್ಗೆ ಹತ್ತೂವರೆಗೆ ನಮ್ಮಲ್ಲಿ ನೆಟ್ ನಿಂತಿತು. ಹೊರಗೆ ಬೆಂಚಿನ ಮೇಲೆ ನಲವತ್ತು ಜನ. ಬೇಲೂರು, ಆಲೂರು ಕಡೆಯಿಂದ ಮಳೆಯಲ್ಲೇ ಬಸ್ ಹತ್ತಿ ಬಂದವರು. ಅವರನ್ನು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಕಾಗದದ ಮೇಲೆ ಬರೆದುಕೊಂಡು ನೋಡೋಣ ಅಂತ ಶುರು ಮಾಡಿದೆವು. ನಮ್ಮ ಸಿಸ್ಟರ್ ಎಂದಿನಂತೆ ಕಣ್ಣಿನ ಪಾಪೆ ದೊಡ್ಡದಾಗುವ ಡ್ರಾಪ್ಸ್ ಬಾಟಲಿ ಕೈಗೆ ತೆಗೆದುಕೊಂಡಳು. ಆಗ ನನಗೆ ಎದೆ ಧಸಕ್ಕೆಂದಿತು.

ಕೆಲವರ ಕಣ್ಣಿನ ಮುಂಭಾಗದ ಕೋನ ಕಿರಿದಾಗಿರುತ್ತದೆ. ಅಂಥವರಿಗೆ ಆ ಡ್ರಾಪ್ಸ್ ಹಾಕಿದರೆ ಒಳಗಿನ ನೀರು ಹೊರಹೋಗುವ ದಾರಿ ಮುಚ್ಚಿ, ಒತ್ತಡ ಒಮ್ಮೆಲೇ ಏರಬಹುದು. ವಿಪರೀತ ನೋವು, ವಾಂತಿ. ತಡವಾದರೆ ಕಣ್ಣೇ ಹೋಗಬಹುದು. ಯಾರಿಗೆ ಹಾಕಬಾರದು ಅನ್ನುವ ಕೆಂಪು ಗುರುತು ಇದ್ದದ್ದು ಸಾಫ್ಟ್‌ವೇರಿನ ಒಳಗೆ. ಹಳೆಯ ರಟ್ಟಿನ ಕಾರ್ಡಿನಲ್ಲಾಗಿದ್ದರೆ ಮೇಲೇ ಕೆಂಪು ಪೆನ್ನಿನಲ್ಲಿ "ಡ್ರಾಪ್ಸ್ ಬೇಡ" ಅಂತ ಬರೆದಿರುತ್ತಿದ್ದೆವು. ಬಾಟಲಿ ಕೆಳಗಿಡಿಸಿದೆ. ಅವತ್ತು ಪ್ರತಿಯೊಬ್ಬರನ್ನೂ ಮೊದಲು ನಾನೇ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣು ದೊಡ್ಡದಾಗಿ ಕಾಣುವ ದೀಪದ ಯಂತ್ರ) ನೋಡಿ, ಆಮೇಲೆ ಡ್ರಾಪ್ಸ್ ಹಾಕಿಸಿದೆ. ಮುಗಿಯುವಾಗ ಸಂಜೆ ಐದು ಗಂಟೆ. ಯಾರಿಗೂ ಏನೂ ಆಗಲಿಲ್ಲ.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಹಿಂದಿನ ಸಂಜೆಯೇ ಮರುದಿನದ ಪಟ್ಟಿ ಪ್ರಿಂಟ್ ಮಾಡುತ್ತೇವೆ. ಹೆಸರಿನ ಮುಂದೆ ಮೂರೇ ವಿಷಯ: ಡ್ರಾಪ್ಸ್ ಹಾಕಬಹುದೋ ಇಲ್ಲವೋ, ಯಾವ ಔಷಧಿ ಒಗ್ಗುವುದಿಲ್ಲ, ಹೋದ ಸಲದ ಒತ್ತಡ ಎಷ್ಟು. ರೂಟರಿಗೂ ಯುಪಿಎಸ್ ಕೊಟ್ಟಿದ್ದೇವೆ. ಫೈಬರ್ ಒಂದು ಕಂಪನಿಯದು, ಡಾಂಗಲ್ ಸಿಮ್ ಇನ್ನೊಂದು ಕಂಪನಿಯದು. ಆದರೂ ಕರೆಂಟ್ ಎರಡು ದಿನ ಬರದಿದ್ದರೆ ಟವರೂ ಮಲಗುತ್ತದೆ. ಆ ಪ್ರಿಂಟ್ ಹಾಳೆಯನ್ನು ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ.

ಬರೆಯುವ ವಿಷಯ ನಿಮ್ಮ ಮನೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ರೆಟಿನಾ, ಅಂದರೆ ಕಣ್ಣಿನ ಒಳಪರದೆ, ಕಳಚಿಕೊಂಡ ಕಣ್ಣನ್ನು ನಾವು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಲು ಕಲಿತವರು. ಅಂಟಿಕೊಂಡಿರುವ ಭಾಗಕ್ಕೆ ಕೆಂಪು, ಕಳಚಿದ್ದಕ್ಕೆ ನೀಲಿ. ಕೈಗೆ ಒಂದು ನಿಮಿಷದ ಕೆಲಸ. ಮೌಸ್ ಹಿಡಿದು ಅದನ್ನು ಮಾಡಲು ನನಗೆ ಇವತ್ತಿಗೂ ಆಗಿಲ್ಲ. ಕೊನೆಗೆ ಕಾಗದದಲ್ಲೇ ಬಿಡಿಸಿ ಫೋಟೋ ತೆಗೆದು ಸೇರಿಸುತ್ತೇನೆ. ಕಣ್ಣು ನೋಡುವ ಕೋಣೆ ಕತ್ತಲಿರಬೇಕು ಬೇರೆ. ಪಕ್ಕದಲ್ಲಿ ಬಿಳಿ ಸ್ಕ್ರೀನ್ ಉರಿಯುತ್ತಿದ್ದರೆ ರೋಗಿಗೂ ಕಷ್ಟ, ನಮಗೂ ಕಷ್ಟ. ಹಿನ್ನೆಲೆ ಕಪ್ಪು ಮಾಡುವ ಸೌಲಭ್ಯ ಇದೆಯಾ ಅಂತ ಕೇಳಿ.

ಇದಕ್ಕಿಂತ ನನಗೆ ಭಯ ಹುಟ್ಟಿಸುವುದು "ಹಿಂದಿನದನ್ನೇ ಹಾಕು" ಅನ್ನುವ ಬಟನ್. ಒಂದು ಸಲ ಒತ್ತಿದರೆ ಹೋದ ಭೇಟಿಯಲ್ಲಿ ಬರೆದದ್ದೆಲ್ಲ ಇವತ್ತಿನ ಪುಟಕ್ಕೆ ಬಂದು ಕೂರುತ್ತದೆ. ಜನ ಜಾಸ್ತಿ ಇದ್ದ ದಿನ ಕೈ ಅಲ್ಲಿಗೇ ಹೋಗುತ್ತದೆ. ಒತ್ತಡ ಅಳೆಯದೇ ಇದ್ದರೂ ಹಳೆಯ ಅಂಕಿ ಇವತ್ತಿನ ತಾರೀಕಿನಲ್ಲಿ ನಿಲ್ಲುತ್ತದೆ. ಆರು ತಿಂಗಳಾದ ಮೇಲೆ ನೋಡಿದರೆ ಯಾವುದು ಅಳೆದದ್ದು, ಯಾವುದು ನಕಲು ಬಂದದ್ದು ಅಂತ ನನಗೇ ಗೊತ್ತಾಗುವುದಿಲ್ಲ. ಖಾಲಿ ಬಿಟ್ಟಿದ್ದರೆ ಅಳೆದಿಲ್ಲ ಅಂತಾದರೂ ತಿಳಿಯುತ್ತಿತ್ತು, ಅಲ್ವಾ? ಒತ್ತಡ ಮತ್ತು ದೃಷ್ಟಿಯ ಅಂಕಿಗೆ ಆ ಬಟನ್ ಕೆಲಸ ಮಾಡದ ಹಾಗೆ ಕಂಪನಿಯವರಿಂದಲೇ ಮಾಡಿಸಿದೆ. ನೀವೂ ಮಾಡಿಸಿ.

ಕಳ್ಳತನದ ಬಗ್ಗೆ. ಅಮೆರಿಕದಲ್ಲಿ ಐ ಕೇರ್ ಲೀಡರ್ಸ್ ಅನ್ನುವ ಕಂಪನಿ ಕಣ್ಣಿನ ಕ್ಲಿನಿಕ್‌ಗಳಿಗೆಂದೇ ಕ್ಲೌಡ್ ಸಾಫ್ಟ್‌ವೇರ್ ಕೊಡುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಯಾರೋ ಒಳನುಗ್ಗಿ ಡೇಟಾ ಅಳಿಸಿದರು. ಒಂದೇ ಕಂಪನಿಯ ಮೇಲಿನ ದಾಳಿಯಿಂದ ಬೇರೆ ಬೇರೆ ಊರಿನ ಕ್ಲಿನಿಕ್‌ಗಳ 20 ಲಕ್ಷಕ್ಕೂ ಹೆಚ್ಚು ರೋಗಿಗಳ ಮಾಹಿತಿಗೆ ತೊಂದರೆಯಾಯಿತು. ರೋಗಿಗಳಿಗೆ ಪತ್ರ ಬರೆದು ವಿಷಯ ತಿಳಿಸುವ ಕೆಲಸ ಆ ಕ್ಲಿನಿಕ್‌ಗಳ ತಲೆ ಮೇಲೆ ಬಿತ್ತು. ಹಾಗಂತ ಸ್ವಂತ ಸರ್ವರ್ ಇಟ್ಟುಕೊಂಡರೆ ಭಯವಿಲ್ಲ ಅಂತಲೂ ಹೇಳಲಾರೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸ್ವಂತ ಸರ್ವರ್‌ಗಳ ಮೇಲೇ ದಾಳಿಯಾಯಿತು. ಅಂಥ ದೊಡ್ಡ ಆಸ್ಪತ್ರೆ ಹಲವು ದಿನ ಕೈಬರಹದಲ್ಲಿ ನಡೆಯಿತು.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ರೋಗಿಯ ಮಾಹಿತಿಗೆ ಮೊದಲ ಹೊಣೆ ಕ್ಲಿನಿಕ್ಕಿನದು. ನಮ್ಮ ಪರವಾಗಿ ಕಂಪನಿ ಇಟ್ಟುಕೊಂಡಿದ್ದರೂ ಅಷ್ಟೇ. ಕಾಪಾಡಲು ಸರಿಯಾದ ಕ್ರಮ ತೆಗೆದುಕೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆದ್ದರಿಂದ ಕೌಂಟರಿನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳಬೇಡಿ. ಕೆಲಸ ಬಿಟ್ಟ ಹುಡುಗನ ಲಾಗಿನ್ ಅವತ್ತೇ ಮುಚ್ಚಿಸಿ. ವಾರಕ್ಕೊಮ್ಮೆ ಪೂರ್ತಿ ಪ್ರತಿಯನ್ನು ಪಾಸ್‌ವರ್ಡ್ ಹಾಕಿದ ಹಾರ್ಡ್ ಡಿಸ್ಕಿಗೆ ಇಳಿಸಿ, ನೆಟ್ಟಿನಿಂದ ಬಿಡಿಸಿ, ಬೀಗ ಹಾಕಿಡಿ. ಬ್ಯಾಕಪ್ ನಾವು ನೋಡಿಕೊಳ್ಳುತ್ತೇವೆ ಅಂತ ಕಂಪನಿಯವರು ಎಷ್ಟೇ ಹೇಳಲಿ, ಇದನ್ನು ಬಿಡಬೇಡಿ.

ನಿಮ್ಮ ಬೀರುವಿನ ಕಾರ್ಡುಗಳಿಗೆ ಮುಗ್ಗಲು ಹಿಡಿಯುತ್ತಿರುವುದೂ ನಿಜವೇ. ಅವೂ ಉಳಿಯುವುದಿಲ್ಲ. ಕ್ಲೌಡ್ ಬೇಡವೇ ಬೇಡ ಅನ್ನಲಾರೆ. ಆದರೆ ಒಂದು ವರ್ಷ ಎರಡೂ ನಡೆಯಲಿ. ಮೊದಲು ಗ್ಲಾಕೋಮಾ ಮತ್ತು ಸಕ್ಕರೆ ಕಾಯಿಲೆಯವರ ಕಾರ್ಡು ಬೇರೆ ತೆಗೆದು ಸ್ಕ್ಯಾನ್ ಮಾಡಿಸಿ. ಬರೀ ಕನ್ನಡಕಕ್ಕೆ ಬಂದು ಹೋದವರದ್ದು ಆಮೇಲೆ ನೋಡಿದರಾಯಿತು. ಕಾರ್ಡುಗಳ ಪರಿಚಯ ನಿಮಗೆ ಇರುವಷ್ಟು ಬೇರೆ ಯಾರಿಗೂ ಇರುವುದಿಲ್ಲ. ಆ ಕೆಲಸ ನಿಮ್ಮ ಕೈಯಲ್ಲೇ ಇರಲಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಗ್ಲಾಕೋಮಾ. ತೋರಿಸುತ್ತಿದ್ದ ಕಡೆ ಸಾಫ್ಟ್‌ವೇರ್ ಬದಲಾಗಿದೆ, ಹಳೆಯ ರಿಪೋರ್ಟ್ ಸಿಗುತ್ತಿಲ್ಲ ಅನ್ನುತ್ತಿದ್ದಾರೆ. ನಾವು ಕೇಳಬಹುದಾ? ಸುಮ್ನೆ ಇರಬೇಕಾ?
— ಓದುಗರು, ಸಕಲೇಶಪುರ

ಉತ್ತರ: ಖಂಡಿತ ಕೇಳಿ. ವೈದ್ಯರ ನಡವಳಿಕೆಗೆ 2002ರಲ್ಲಿ ಬಂದ ನಿಯಮದಲ್ಲಿ ಇದು ಇದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳುವ ಬದಲು ಒಂದು ಹಾಳೆಯಲ್ಲಿ ಬರೆದು ಕೊಡಿ. ಯಾವ ಯಾವ ತಾರೀಕಿಗೆ ಹೋಗಿದ್ದಿರಿ ಅಂತ ಹಾಕಿ, ಸೀಲ್ ಹಾಕಿಸಿಕೊಳ್ಳಿ. ಜಗಳ ಬೇಡ. ಅಲ್ಲಿನ ಡಾಕ್ಟರೂ ನನ್ನ ಹಾಗೆಯೇ ಸಿಕ್ಕಿಹಾಕಿಕೊಂಡಿರಬಹುದು.

ಇನ್ನೊಂದು ದಾರಿ ಇದೆ. ಫೀಲ್ಡ್ ಟೆಸ್ಟ್ ಮತ್ತು ಓಸಿಟಿ ಮಾಡುವ ಹುಡುಗ ಹುಡುಗಿಯರನ್ನು ಕೇಳಿ. ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೂ ಮೆಷಿನ್ನಿನ ಒಳಗೆ ಹಳೆಯ ಟೆಸ್ಟ್ ಉಳಿದಿರುವುದುಂಟು. ಹೆಸರು, ಹುಟ್ಟಿದ ತಾರೀಕು ಹೇಳಿದರೆ ಹುಡುಕಿ ಮತ್ತೆ ಪ್ರಿಂಟ್ ಕೊಡಬಹುದು. ಸಿಕ್ಕಿದ್ದಕ್ಕೆಲ್ಲ ಒಂದು ಝೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿಡಿ. ಪೊರೆ ಆಪರೇಷನ್ ಆಗಿದ್ದರೆ ಒಳಗೆ ಹಾಕಿದ ಲೆನ್ಸಿನ ಸ್ಟಿಕ್ಕರ್ ಇರುವ ಕಾರ್ಡೂ ಅದರಲ್ಲಿರಲಿ. ತಂದೆಯವರನ್ನು ಮುಂದಿನ ಸಲ ಕರೆದುಕೊಂಡು ಹೋದಾಗ, ಟೆಸ್ಟಿಗೆ ಕೂರಿಸುವ ಮೊದಲೇ ಆ ಕವರನ್ನು ಡಾಕ್ಟರ ಕೈಗೆ ಕೊಡಿ.