ಹೋಬಿ ಬೇಕರ್ ಯಾರು? ಐಸ್ ಹಾಕಿ ಆಟಗಾರ ಯುದ್ಧವಿಮಾನ ಹಾರಿಸಿದ್ದು ಹೇಗೆ?
ಹೋಬಿ ಬೇಕರ್ ಅಮೆರಿಕದವರು. ಹುಟ್ಟಿದ್ದು 1892ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಮತ್ತು ಐಸ್ ಹಾಕಿ ತಂಡಗಳೆರಡಕ್ಕೂ ನಾಯಕರಾಗಿದ್ದರು.

ಆಗ ಐಸ್ ಹಾಕಿಯಲ್ಲಿ ತಂಡಕ್ಕೆ ಏಳು ಜನ. ಏಳನೆಯವನು ರೋವರ್, ಅಂದ್ರೆ ಮೈದಾನವಿಡೀ ಓಡಾಡುವವನು. ಬೇಕರ್ ಆಡುತ್ತಿದ್ದ ಜಾಗ ಅದೇ. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸೋ ಚಪ್ಪಟೆ ಬಿಲ್ಲೆ) ಕಡೆ ನೋಡದೇನೇ ಅದನ್ನು ಸ್ಟಿಕ್‌ನಲ್ಲಿ ನಡೆಸಿಕೊಂಡು ಹೋಗುತ್ತಿದ್ದರಂತೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗೋದು ಇನ್ನೊಂದು ವಿಷಯ: ಆಟ ಮುಗಿದ ಮೇಲೆ ಎದುರಾಳಿಗಳ ಕೋಣೆಗೆ ಹೋಗಿ ಕೈಕುಲುಕಿ ಬರುತ್ತಿದ್ದರು. ಎಂಥ ದೊಡ್ಡ ಗುಣ ಅಲ್ವಾ?

ಓದು ಮುಗಿದ ಮೇಲೆ ನ್ಯೂಯಾರ್ಕ್‌ನಲ್ಲಿ ಬ್ಯಾಂಕ್ ಕೆಲಸ, ಜೊತೆಗೆ ಸೇಂಟ್ ನಿಕೋಲಸ್ ತಂಡದಲ್ಲಿ ಆಟ. ಆದರೆ ದುಡ್ಡಿಗಾಗಿ ಯಾವತ್ತೂ ಆಡಲಿಲ್ಲ. ಈ ನಡುವೆ ವಿಮಾನ ಹಾರಿಸೋದು ಕಲಿತರು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋದರು. ಅಮೆರಿಕಕ್ಕೆ ಆಗ ಪ್ರತ್ಯೇಕ ವಾಯುಪಡೆ ಇರಲಿಲ್ಲ, ವಿಮಾನಗಳೂ ಸೇನೆಯ ಕೈಲಿದ್ದವು. 141ನೇ ಏರೋ ಸ್ಕ್ವಾಡ್ರನ್ ಎಂಬ ಯುದ್ಧವಿಮಾನ ದಳದ ಮುಖ್ಯಸ್ಥರಾದಾಗ ಅದರ ವಿಮಾನಗಳಿಗೆ ಪ್ರಿನ್ಸ್‌ಟನ್‌ನ ಕಿತ್ತಳೆ, ಕಪ್ಪು ಬಣ್ಣ ಬಳಿಸಿದರು.

ಯುದ್ಧ ನಿಂತಿತ್ತು, ಊರಿಗೆ ಮರಳುವ ಆದೇಶವೂ ಬಂದಿತ್ತು. 1918ರ ಡಿಸೆಂಬರ್ 21ರಂದು ರಿಪೇರಿಯಾದ ವಿಮಾನವೊಂದನ್ನು ಪರೀಕ್ಷಿಸಲು ಹಾರಿದರು. ಎಂಜಿನ್ ಕೈಕೊಟ್ಟಿತು. ಫ್ರಾನ್ಸ್‌ನ ಟೂಲ್ ಪಟ್ಟಣದ ಬಳಿ ಬಿದ್ದು ತೀರಿಕೊಂಡರು. ಆಗಿನ್ನೂ 26 ವರ್ಷ. ಅಮೆರಿಕದ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ 1981ರಿಂದ ಅವರ ಹೆಸರಿನ ಪ್ರಶಸ್ತಿ ಕೊಡುತ್ತಿದ್ದಾರೆ.