ಓದುಗರ ಪ್ರಶ್ನೆ: ಕಾಲುವೆಯಲ್ಲಿ ಒಂದು ವಾರ

ಪ್ರಶ್ನೆ: ಫ್ರಾನ್ಸಿನ ಕನಾಲ್ ದ್ಯು ಮಿದಿ 240 ಕಿ.ಮೀ. ಉದ್ದವಿದೆ. ವೇಗಮಿತಿ ಗಂಟೆಗೆ 8 ಕಿ.ಮೀ. ಅಂದರೆ 30 ಗಂಟೆಯ ದಾರಿ. ತೂಲೂಸ್‌ನಿಂದ ಹೊರಟು ಊರೂರಿನಲ್ಲಿ ನಿಲ್ಲುತ್ತಾ ಒಂದು ವಾರದಲ್ಲಿ ಕೊನೆ ಮುಟ್ಟಬಹುದೇ? ನಮಗೆ ದೋಣಿ ನಡೆಸುವ ಪರವಾನಗಿ ಇಲ್ಲ.

ಉತ್ತರ: ಪರವಾನಗಿಯ ಚಿಂತೆ ಬೇಡ. ಬಾಡಿಗೆ ಕೊಡುವವರೇ ದೋಣಿ ನಡೆಸುವುದನ್ನು ತೋರಿಸಿಕೊಟ್ಟು, ಆ ಪ್ರಯಾಣಕ್ಕಷ್ಟೇ ಸಲ್ಲುವ ಪತ್ರ ಕೊಡುತ್ತಾರೆ. ತಪ್ಪಿರುವುದು ನಿಮ್ಮ ಲೆಕ್ಕ. ಅದರಲ್ಲಿ ಲಾಕ್‌ಗಳೇ ಇಲ್ಲ. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ನೀರಿನ ಕೋಣೆ. ತೂಬು ತೆರೆದು ನೀರು ತುಂಬಿಸಿ ದೋಣಿಯನ್ನು ಏರಿಸುತ್ತಾರೆ, ಖಾಲಿ ಮಾಡಿ ಇಳಿಸುತ್ತಾರೆ. ಕೋಣೆಗೆ 10–15 ನಿಮಿಷ ಹಿಡಿಯಿರಿ. ಬೇಸಿಗೆಯಲ್ಲಿ ಸರದಿ ಕಾಯುವುದು ಬೇರೆ. ಕ್ಯಾಸ್ಟೆಲ್‌ನೊದಾರಿಯಿಂದ ಕಾರ್ಕಸೋನ್‌ಗೆ ಸುಮಾರು 40 ಕಿ.ಮೀ. ಓಟಕ್ಕೇ ಐದಾರು ಗಂಟೆ ಬೇಕು, 20ಕ್ಕೂ ಹೆಚ್ಚು ಕೋಣೆಗಳಿಗೆ ಇನ್ನು ನಾಲ್ಕೈದು. ಮಧ್ಯಾಹ್ನದ ಊಟದ ಹೊತ್ತಿಗೆ ಲಾಕ್ ಮುಚ್ಚುತ್ತದೆ, ಸಂಜೆ ಮತ್ತೆ ಮುಚ್ಚುತ್ತದೆ, ಕತ್ತಲಾದ ಮೇಲೆ ಬಾಡಿಗೆ ದೋಣಿ ನಡೆಸುವಂತಿಲ್ಲ. ಹಾಗಾಗಿ ಅಷ್ಟಕ್ಕೇ ಎರಡು ದಿನ.

ಮೊದಲ ಸಲ ಹೋಗುವವರಿಗೆ ಅರ್ಜೆನ್ಸ್‌ನಿಂದ ಬೆಜಿಯೇ ಕಡೆಗಿನ ಭಾಗವೇ ಸರಿ. 54 ಕಿ.ಮೀ.ವರೆಗೆ ಒಂದೂ ಲಾಕ್ ಇಲ್ಲ. ಲ ಸೊಮಾಯ್, ಕಾಪೆಸ್ತಾಂಗ್, ಕೊಲೊಂಬಿಯೇ ಎಲ್ಲವೂ ದಡದಲ್ಲೇ ಸಿಗುವ ಊರುಗಳು. ಕಾಪೆಸ್ತಾಂಗ್ ಸೇತುವೆಯ ಕಮಾನು ತಗ್ಗು. ಬಿಸಿಲು ಕೊಡೆ, ಮೇಲಿಟ್ಟ ಸೈಕಲ್ ಕೆಳಗಿಳಿಸಿ, ನಡುಮಧ್ಯದಲ್ಲೇ ನುಗ್ಗಿ, ತಲೆ ತಗ್ಗಿಸಿ. ಮುಂದಿನ ಮಾಲ್ಪಾ ಸುರಂಗ 165 ಮೀಟರ್. ಎದುರು ದೋಣಿ ಬಂದರೆ ಜಾಗವಿಲ್ಲ, ಒಳಗೆ ನೋಡಿಕೊಂಡು ಹಾರ್ನ್ ಹೊಡೆದೇ ಹೋಗಿ.

ಪ್ರಶ್ನೆ: ಲಾಕ್ ಒಳಗೆ ಹಗ್ಗ ಗಟ್ಟಿಯಾಗಿ ಕಟ್ಟಿಬಿಟ್ಟರೆ ಭದ್ರವಲ್ಲವೇ?

ಉತ್ತರ: ಕಟ್ಟಲೇಬೇಡಿ. ಇಳಿಯುವಾಗ ನೀರು ಕೆಳಗೆ ಹೋಗುತ್ತದೆ, ಕಟ್ಟಿದ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ಆಗ ಕೊಂಡಿ ಕಿತ್ತು ಬರುತ್ತದೆ, ಇಲ್ಲವೇ ಹಗ್ಗ ಕತ್ತರಿಸಬೇಕಾಗುತ್ತದೆ. ದಡದ ಮೋಟುಗಂಬಕ್ಕೆ ಹಗ್ಗವನ್ನು ಬರೀ ಬಳಸಿ, ತುದಿಯನ್ನು ದೋಣಿಗೇ ತಂದು ಕೈಯಲ್ಲಿ ಹಿಡಿದು ಸಡಿಲಿಸುತ್ತಾ ಹೋಗಿ. ಕೈಗೆ ಮಾತ್ರ ಸುತ್ತಿಕೊಳ್ಳಬೇಡಿ. ಮೇಲಿನ ಬಾಗಿಲ ಬುಡದಲ್ಲಿ ನೀರಿನಡಿ ಕಲ್ಲಿನ ಹೊಸ್ತಿಲಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮೂತಿ ಕೆಳಗೆ ಹೋಗಿ ನೀರು ನುಗ್ಗುತ್ತದೆ. ಇಳಿಯುವಾಗ ಆದಷ್ಟು ಮುಂದಕ್ಕೆ ನಿಲ್ಲಿ. ನಿಜವಾಗಿ ದೋಣಿ ಮುಳುಗಿಸುವುದು ಇದೇ.

ಏರುವಾಗ ಗೋಡೆ ಎತ್ತರ. ಲಾಕ್‌ಗೆ ಮೊದಲೇ ಒಬ್ಬರನ್ನು ದಡಕ್ಕಿಳಿಸಿ, ಅವರಿಗೆ ಹಗ್ಗ ಎಸೆಯಿರಿ. ನೀರು ಮುಂದಿನಿಂದ ರಭಸವಾಗಿ ಬರುವುದರಿಂದ ಮೂತಿಯ ಹಗ್ಗ ಬಿಗಿಯಾಗಿರಲಿ, ದೋಣಿ ಏರಿದಂತೆ ಎಳೆದುಕೊಳ್ಳಿ. ಈ ಕಾಲುವೆಯ ಹಳೆಯ ಲಾಕ್‌ಗಳ ಗೋಡೆ ಬಿಲ್ಲಿನಂತೆ ಹೊರಕ್ಕೆ ಬಾಗಿದೆ, ಮೊದಲು ತಾಗುವುದು ದೋಣಿಯ ಎರಡು ತುದಿಗಳು. ಪೆಟ್ಟು ತಡೆಯುವ ಗಾಳಿತುಂಬಿದ ಮೆತ್ತೆಗಳನ್ನು (ಫೆಂಡರ್) ಅಲ್ಲೇ ಇಳಿಬಿಡಿ. ಟನ್‌ಗಟ್ಟಲೆ ತೂಕದ ದೋಣಿಯನ್ನು ಕಾಲಿನಿಂದ ಒದ್ದು ತಡೆಯುವ ಸಾಹಸ ಬೇಡ.

ಪ್ರಶ್ನೆ: ಊರ ಹೊರಗೆ ರಾತ್ರಿ ಮರಕ್ಕೆ ಕಟ್ಟಬಹುದೇ?

ಉತ್ತರ: ಇಲ್ಲ, ನಿಷಿದ್ಧ. ದೋಣಿಯಲ್ಲೇ ಗೂಟ, ಸುತ್ತಿಗೆ ಕೊಟ್ಟಿರುತ್ತಾರೆ. ಗೂಟದ ತಲೆ ದೋಣಿಯಿಂದ ಆಚೆಗೆ ವಾಲುವಂತೆ ಹೊಡೆಯಿರಿ. ಹಗ್ಗ ಕಾಲುದಾರಿಗೆ ಅಡ್ಡ ಬಂದರೆ ಸೈಕಲ್‌ನವರು ಮಗುಚುತ್ತಾರೆ. ಸಣ್ಣ ಊರುಗಳಲ್ಲಿ ಅಂಗಡಿಗಳು ಮಧ್ಯಾಹ್ನ ಒಂದೆರಡು ಗಂಟೆಯಾದರೂ ಮುಚ್ಚಿರುತ್ತವೆ, ಹಲವು ಸೋಮವಾರ ಬಾಗಿಲೇ ತೆಗೆಯುವುದಿಲ್ಲ. ಬ್ರೆಡ್ ಬೇಕಿದ್ದರೆ ಬೆಳಿಗ್ಗೆ, ಗೂಟ ಕೀಳುವ ಮುನ್ನವೇ ಹೋಗಿ ತನ್ನಿ.