ಕಾಯಿರಿ ಅನ್ನುವವರು ಕಾಯುವ ಖರ್ಚನ್ನೂ ಕೊಡಬೇಕು

ಇದು 2021ರ ಜುಲೈ ತಿಂಗಳ ಮಾತು, ಕೋವಿಡ್ ಎರಡನೇ ಅಲೆಯ ಲಾಕ್‌ಡೌನ್ ಸಡಿಲವಾಗುತ್ತಿರುವ ಹೊತ್ತು. ಹೊನ್ನಾವರದ ಕಡೆ ಟೆಂಪೊ ಓಡಿಸುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಲಾಕ್‌ಡೌನ್ ತೆಗೆಯಲು ಅವಸರ ಬೇಡ ಎಂದು ಜೂನ್ ಸಂಚಿಕೆಯಲ್ಲಿ ಬರೆದಿರಿ. ಬರೆಯೋದು ಸುಲಭ. ನಿಮಗೆ ತಿಂಗಳಾದ್ರೆ ಸಂಬಳ ಬರುತ್ತದೆ. ನಮಗೆ ಚಕ್ರ ತಿರುಗಿದರೆ ಮಾತ್ರ ಅನ್ನ. ಏಪ್ರಿಲ್ ಕೊನೆಯಿಂದ ಗಾಡಿ ಮನೆ ಮುಂದೆ ನಿಂತಿತ್ತು. ಸರ್ಕಾರದ 3,000 ರೂಪಾಯಿ ಬಂತು. ಫೈನಾನ್ಸಿನ ಒಂದು ಕಂತಿಗೆ ಅದು ಅರ್ಧವೂ ಆಗಲಿಲ್ಲ. ಈ ಭಿಕ್ಷೆ ಯಾರಿಗೆ ಬೇಕು? ದುಡ್ಡೂ ಬೇಡ, ನಿಮ್ಮ ಎಚ್ಚರಿಕೆಯೂ ಬೇಡ. ಎಲ್ಲ ಒಟ್ಟಿಗೆ ತೆರೆದುಬಿಡಲಿ. ನಮ್ಮ ಪಾಡು ನಾವು ನೋಡಿಕೊಳ್ಳುತ್ತೇವೆ. ಮುಂದಿನ ತಿಂಗಳಿಂದ ಪತ್ರಿಕೆ ಕಳಿಸಬೇಡಿ, ಚಂದಾ ಕಟ್ಟಲು ಆಗೋದಿಲ್ಲ."

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಬೇಜಾರಾಯಿತು. ಎರಡನೇ ಸಲ ಓದುವಾಗ, ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ ಅನ್ನಿಸಿತು. ನನಗೆ ಏಪ್ರಿಲ್ ಸಂಬಳ ಬಂತು, ಮೇ ಸಂಬಳವೂ ಬಂತು. ಮನೆಯಲ್ಲಿ ಕೂತು 'ಅವಸರ ಬೇಡ' ಎಂದು ಬರೆದದ್ದೂ ನಿಜ. ಕಾಯುವ ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ಆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಅದು ನನ್ನ ತಪ್ಪು. ಅದನ್ನು ಈಗ ಬರೆಯುತ್ತೇನೆ.

ಮೊದಲು ದುಡ್ಡಿನ ಮಾತು. ಕಳೆದ ವರ್ಷ, 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಹೇಳಿತು. ಅದರಲ್ಲಿ ಆಟೊ, ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕ್ಷೌರಿಕರಿಗೆ, ಮಡಿವಾಳರಿಗೆ ಕೂಡ ಅಷ್ಟೇ. ಈ ವರ್ಷ ರೋಗ ಜಾಸ್ತಿ, ಸಾವು ಜಾಸ್ತಿ, ಪರಿಹಾರ ಮಾತ್ರ ಕಡಿಮೆ. 2021ರ ಮೇ 19ರ 1,250 ಕೋಟಿಯ ಪ್ಯಾಕೇಜಿನಲ್ಲಿ ಚಾಲಕರಿಗೆ 3,000, ಕ್ಷೌರಿಕರು, ದರ್ಜಿಗಳು, ಮನೆಗೆಲಸದವರಿಗೆ 2,000. ಕಳೆದ ವರ್ಷದ ಘೋಷಣೆಯಲ್ಲಿ ಚಾಲಕರ ಸಂಖ್ಯೆ 7.75 ಲಕ್ಷ ಇತ್ತು. ಈ ವರ್ಷದ ಲೆಕ್ಕದಲ್ಲಿ ಅದು 2.10 ಲಕ್ಷ. ಉಳಿದವರು ಸ್ಟೇರಿಂಗ್ ಬಿಟ್ಟು ಎಲ್ಲಿಗೂ ಹೋಗಿಲ್ಲ ಅಲ್ವಾ?

ದಿನವನ್ನೂ ಲೆಕ್ಕ ಹಾಕಿ. ಕರ್ಫ್ಯೂ ಶುರುವಾದದ್ದು ಏಪ್ರಿಲ್ 27ರ ರಾತ್ರಿ. ಪ್ಯಾಕೇಜ್ ಘೋಷಣೆಯಾದದ್ದು 22 ದಿನ ಕಳೆದ ಮೇಲೆ. ಆಮೇಲೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ, ಆಮೇಲೆ ಖಾತೆಗೆ ದುಡ್ಡು. ಬಾಗಿಲು ಮಾತ್ರ ಒಂದೇ ದಿನದಲ್ಲಿ ಮುಚ್ಚಿತು.

ಕಂತಿನ ವಿಷಯವೂ ಇದೇ ಥರ. ಕಳೆದ ವರ್ಷ ಮಾರ್ಚ್ 27ಕ್ಕೆ ರಿಸರ್ವ್ ಬ್ಯಾಂಕ್ ಮೂರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು, ಆಮೇಲೆ ಆಗಸ್ಟ್ ಕೊನೆಯವರೆಗೆ ಎಳೆಯಿತು. ತುಂಬ ಜನ ಅದನ್ನು ಮನ್ನಾ ಅಂದುಕೊಂಡರು. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಈ ವರ್ಷ ಎಲ್ಲರಿಗೂ ಒಟ್ಟಿಗೆ ಅಂಥ ಬಿಡುವು ಸಿಗಲಿಲ್ಲ. ಸಾಲ ಕೊಟ್ಟವರ ಬಳಿ ಹೋಗಿ, ಕಂತನ್ನು ಹೊಸದಾಗಿ ಹೊಂದಿಸಿಕೊಡಿ ಎಂದು ಒಬ್ಬೊಬ್ಬರೇ ಕೇಳಬೇಕು. ಈ ದಾರಿ 2021ರ ಸೆಪ್ಟೆಂಬರ್‌ವರೆಗೆ ಇದೆ. ನೀವು ಕೇಳಿಲ್ಲವಾದರೆ ಈ ವಾರವೇ ಹೋಗಿ ಕೇಳಿ. ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದುಕೊಟ್ಟು ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಆದರೆ 'ಭಿಕ್ಷೆ' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ಮೇ ತಿಂಗಳಲ್ಲಿ ಕಂಡ ಒಂದು ಸಂಗತಿ ಹೇಳಬೇಕು.

ಮೇ ಎರಡನೇ ವಾರ ಕುಮಟಾಕ್ಕೆ ಹೋಗಿದ್ದೆ. ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಯಲ್ಲಿ ಬೇಸಿಗೆಯಿಡೀ ಸಿಹಿ ಈರುಳ್ಳಿಯ ಗೊಂಚಲು ತೂಗಾಡುತ್ತವೆ. ನಿಮಗೆ ಗೊತ್ತೇ ಇದೆ, ದಿನಾ ಓಡಾಡುವ ರಸ್ತೆ. ಸೊಪ್ಪಿನ ಜತೆಗೇ ಜಡೆ ಹೆಣೆದು, ಗಳಕ್ಕೆ ಕಟ್ಟಿ, ಕಾರಿನವರು ನಿಲ್ಲಿಸಲಿ ಎಂದು ಕಾಯುವುದು. ಅವತ್ತು ಒಂದೇ ಒಂದು ಗಳ ಇತ್ತು. ಅದರ ಕೆಳಗೆ ಒಬ್ಬಳು ಅಜ್ಜಿ. ಮೇಲಿನ ಗೊಂಚಲನ್ನು ಕೆಳಗಿಳಿಸಿ, ಮೆತ್ತಗಾದ ಈರುಳ್ಳಿ ಕಿತ್ತು ಬೀಸಾಡಿ, ಉಳಿದವನ್ನು ಮತ್ತೆ ಹೆಣೆಯುತ್ತಿದ್ದಳು. ಸೊಪ್ಪು ಒಣಗಿ ಪುಡಿಯಾಗುತ್ತಿತ್ತು, ಜಡೆ ನಿಲ್ಲುತ್ತಿರಲಿಲ್ಲ. ಅದಕ್ಕೆ ಬಾಳೆನಾರು ಸುತ್ತುತ್ತಿದ್ದಳು. ವ್ಯಾಪಾರ ಹೇಗಿದೆ ಎಂದು ಕೇಳಿದೆ. "ತಮ್ಮಾ, ಗಾಡಿಯೇ ಇಲ್ಲ, ಯಾರು ತಕಂಡು ಹೋಗ್ತ್ರು?" ಅಂದಳು. ಬೆಳಿಗ್ಗೆ 6ರಿಂದ 10ರವರೆಗೆ ಮಾರಲು ಅಡ್ಡಿಯಿಲ್ಲ ಎಂದು ಸರ್ಕಾರ ಹೇಳಿತ್ತು. ಕೊಳ್ಳುವವರು ಹೆದ್ದಾರಿಯಲ್ಲಿ ಬರಬೇಕಲ್ಲ. ಮೂರು ನಾಲ್ಕು ದಿನದಲ್ಲಿ ತೌಕ್ತೆ ಚಂಡಮಾರುತದ ಮಳೆ ಬಂತು. ಆ ಗೊಂಚಲುಗಳು ಏನಾದವೋ ಎಂದು ಈಗಲೂ ಯೋಚನೆ ಬರುತ್ತದೆ.

ಬೀದಿ ವ್ಯಾಪಾರಿಗಳಿಗೂ 2,000 ರೂಪಾಯಿ ಘೋಷಣೆಯಾಯಿತು. ಆದರೆ ಅದು ಆತ್ಮನಿರ್ಭರ ನಿಧಿ ಯೋಜನೆಯಲ್ಲಿ ಹೆಸರು ಬರೆಸಿದವರಿಗೆ. ಆ ಯೋಜನೆ ಪಟ್ಟಣಗಳಲ್ಲಿ ಮಾರುವವರದ್ದು. ಹಳ್ಳಿಯ ಹೆದ್ದಾರಿ ಬದಿ ಕೂತವಳು ಆ ಪಟ್ಟಿಯೊಳಗೆ ಬರುವುದು ಹೇಗೆ? ಅಂಕೋಲೆಯಲ್ಲಿ ಮೇ ತಿಂಗಳಿಡೀ ಬುಟ್ಟಿಯಲ್ಲಿ ಕರಿ ಇಶಾಡ ಮಾವಿನಹಣ್ಣು ಇಟ್ಟುಕೊಂಡು ಕೂರುವ ಹಾಲಕ್ಕಿ ಸಮುದಾಯದ ಹೆಂಗಸರ ಕಥೆಯೂ ಬೇರೆಯಲ್ಲ. ಹಣ್ಣು ಜೂನ್‌ವರೆಗೆ ಕಾಯುವುದಿಲ್ಲ. ನಿಮ್ಮ ಟೆಂಪೊದಲ್ಲೇ ಬಾಗಿಲಿಗೆ ಜೋತು 'ಕುಮಟಾ ಕುಮಟಾ' ಎಂದು ಕೂಗುವ ಹುಡುಗ ಇದ್ದಾನಲ್ಲ, ಅವನಿಗೆ ಲೈಸೆನ್ಸ್ ಇಲ್ಲ, ಬ್ಯಾಡ್ಜ್ ಇಲ್ಲ. ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅವನಿಗೆ ಮೂರು ಸಾವಿರವೂ ಬಂದಿಲ್ಲ.

ಆ ಅಜ್ಜಿ ಯಾರ ಉಪಕಾರಕ್ಕಾಗಿ ಮನೆಯಲ್ಲಿ ಕೂರಬೇಕಿತ್ತು? ನನ್ನದು, ನನ್ನ ಮನೆಯವರದು, ಊರಿನವರದು. ನಾವು ಉಳಿಯಲಿ ಎಂದು ಅವಳ ವ್ಯಾಪಾರ ನಿಲ್ಲಿಸಿದೆವು. ಹಾಗಾದರೆ ಅವಳಿಗೆ ಕೊಡುವ ದುಡ್ಡು ದಾನ ಹೇಗಾಗುತ್ತದೆ? ಅದು ಬಾಕಿ. ನಿಮ್ಮ ಟೆಂಪೊ ನಿಂತ ದಿನಗಳದ್ದೂ ಬಾಕಿಯೇ. ಬೇಡ ಅನ್ನಬೇಡಿ, ಕಡಿಮೆಯಾಯಿತು ಅನ್ನಿ. ತಡವಾಯಿತು ಅನ್ನಿ. ನೀವು 'ಬೇಡ' ಎಂದರೆ ಮುಂದಿನ ಸಲ ಅಷ್ಟೂ ಕೊಡುವುದಿಲ್ಲ.

ಇನ್ನು ಎಲ್ಲ ಒಟ್ಟಿಗೆ ತೆರೆಯುವ ಮಾತು. ಇಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ನೀವು ಹೊನ್ನಾವರದ ಕಾಸರಕೋಡಿನ ದೋಣಿಯವರನ್ನು ಬಲ್ಲವರು. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಹೂಳು ತುಂಬಿದೆ, ಅಲ್ಲಿ ದೋಣಿ ಮಗುಚಿದ್ದು ಒಂದೆರಡು ಸಲ ಅಲ್ಲ. ಅವರು ಒಳಗೆ ಬರುವಾಗ ಅಳಿವೆಯ ಹೊರಗೆ ನಿಂತು ಅಲೆ ನೋಡುತ್ತಾರೆ. ದೊಡ್ಡ ಅಲೆಗಳು ಹೋಗಲಿ ಎಂದು ಕಾದು, ಆಮೇಲೆ ನುಗ್ಗುತ್ತಾರೆ. ಕಣ್ಣಿಗೆ ಕಾಣುವ ಅಲೆಗೇ ಅಷ್ಟು ಕಾಯುತ್ತಾರೆ. ಈ ರೋಗದ ಅಲೆ ಕಣ್ಣಿಗೆ ಕಾಣುವುದಿಲ್ಲ. ಇವತ್ತು ಸೋಂಕು ತಗುಲಿದವನಿಗೆ ಜ್ವರ ಬರಲು ನಾಲ್ಕೈದು ದಿನ, ಕೆಲವರಿಗೆ ಹದಿನಾಲ್ಕು ದಿನವೂ ಬೇಕು. ಉಸಿರಾಟ ಕಷ್ಟವಾಗಿ ಆಸ್ಪತ್ರೆ ಸೇರುವುದು ಅದರ ಮುಂದಿನ ವಾರ. ಅಂದರೆ ಇವತ್ತು ತೆರೆದದ್ದು ಸರಿಯೋ ತಪ್ಪೋ ಎಂದು ತಿಳಿಯಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಇನ್ನೂ ನಾಲ್ಕು ಬಾಗಿಲು ತೆರೆದಿದ್ದರೆ, ಯಾವುದರಿಂದ ಕೆಟ್ಟಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇನ್ನೊಂದು ಕಾರಣವೂ ಇದೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ನಿಜ. ಕಳೆದ ವರ್ಷ ಭಟ್ಕಳದ ರೋಗಿಗಳನ್ನು ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ನೋಡಿಕೊಂಡರು. ಆದರೆ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ. ರೋಗ ಉಲ್ಬಣಿಸಿದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಹೊನ್ನಾವರದಿಂದ ಮಣಿಪಾಲ ನೂರು ಕಿಲೋಮೀಟರಿಗೂ ಜಾಸ್ತಿ. ಆಮ್ಲಜನಕ ಹಚ್ಚಿಕೊಂಡು ಆ ದಾರಿಯಲ್ಲಿ ಹೋಗುವುದು ಎಂಥ ಹೊತ್ತು ಎಂದು ರಸ್ತೆಯಲ್ಲೇ ಬದುಕುವ ನಿಮಗೆ ನಾನು ಹೇಳಬೇಕಿಲ್ಲ. ಆಸ್ಪತ್ರೆ ದೂರ ಇದ್ದವರು ಹತ್ತಿರ ಇದ್ದವರಿಗಿಂತ ನಿಧಾನವಾಗಿ ತೆರೆಯಬೇಕು ಎಂದೇ ನನ್ನ ಅನ್ನಿಸಿಕೆ.

ಈ ವರ್ಷ, 2021ರ ಜುಲೈ 5ರಿಂದ ಬಹಳಷ್ಟು ತೆರೆದಿದೆ. ಸೀಟು ಭರ್ತಿ ಜನ ಹತ್ತಿಸಬಹುದು. ದೇವಸ್ಥಾನದಲ್ಲಿ ದರ್ಶನ ಇದೆ, ಸೇವೆ ಇಲ್ಲ. ಮದುವೆಗೆ 100 ಜನ. ಇದು ಸರಿಯಾದ ವೇಗ ಎಂದು ನನಗನ್ನಿಸುತ್ತದೆ. ಸರಿಯಿಲ್ಲದಿರುವುದು ಮತ್ತೆ ಮುಚ್ಚಬೇಕಾಗಿ ಬಂದರೆ ಏನು ಎಂಬುದಕ್ಕೆ ತಯಾರಿ.

ಒಂದು ವಿಷಯ ಗಮನಿಸಿ. ಈ ಎರಡು ವರ್ಷ ಅಕ್ಕಿ ಬಂತು. ಮೇ, ಜೂನ್‌ನಲ್ಲಿ ತಲೆಗೆ 5 ಕಿಲೋ ಉಚಿತ ಧಾನ್ಯ, ಅದೀಗ 2021ರ ನವೆಂಬರ್‌ವರೆಗೆ. ಅದಕ್ಕೆ ನೀವು ಸೈಬರ್ ಅಂಗಡಿ ಮುಂದೆ ನಿಲ್ಲಲಿಲ್ಲ, ಗೋವಾದಲ್ಲಿರುವ ಮಗನಿಗೆ ಫೋನ್ ಮಾಡಿ ಒಟಿಪಿ ಕೇಳಲಿಲ್ಲ. ಯಾಕೆ? ರೇಷನ್ ಕಾರ್ಡಿನ ಪಟ್ಟಿ ಮೊದಲೇ ಇತ್ತು. ದುಡ್ಡು ತಡವಾದದ್ದು, ತಪ್ಪಿದ್ದು, ಬಾಗಿಲು ಮುಚ್ಚಿದ ಮೇಲೆ ಪಟ್ಟಿ ಮಾಡಲು ಕೂತದ್ದಕ್ಕೆ. ಆ ಪಟ್ಟಿಯನ್ನು ಈ ಮಳೆಗಾಲದಲ್ಲೇ ಮಾಡಿಡಬಹುದು. ಯಾರು ಹೆದ್ದಾರಿ ಬದಿ ಮಾರುತ್ತಾರೆ, ಯಾರು ಬುಟ್ಟಿಯಲ್ಲಿ ಮೀನು ಹೊತ್ತು ಹೋಗುತ್ತಾರೆ, ಯಾವ ಟೆಂಪೊದಲ್ಲಿ ಯಾವ ಹುಡುಗ ಇದ್ದಾನೆ ಎಂದು ಪಂಚಾಯಿತಿಗೆ ಗೊತ್ತಿಲ್ಲವೇ? ಮೀನುಗಾರರ ಮನೆಗಳನ್ನು ನೋಡಿ. ಏಪ್ರಿಲ್ ಕೊನೆಯ ದಿನಗಳು, ಮೇ ತಿಂಗಳು ಲಾಕ್‌ಡೌನಿಗೆ ಹೋದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಪ್ರತಿವರ್ಷದ ನಿಷೇಧ. ಒಟ್ಟು ಮೂರು ತಿಂಗಳು. ಮುಂದಿನ ಸಲ 'ನಾಳೆಯಿಂದ ಬಂದ್' ಎಂದು ಹೇಳುವ ದಿನವೇ ಇಷ್ಟು ದುಡ್ಡು ಇಂಥವರ ಖಾತೆಗೆ ಎಂದೂ ಹೇಳಬೇಕು. ಅದಿಲ್ಲದೆ 'ಕಾಯಿರಿ' ಎಂದು ನಾನು ಇನ್ನು ಬರೆಯುವುದಿಲ್ಲ.

ನಿಮ್ಮ ಸ್ಟ್ಯಾಂಡಿನಲ್ಲಿ ಹೀಗೆ ಪಟ್ಟಿಯ ಹೊರಗೆ ಉಳಿದ ಹುಡುಗರು ಎಷ್ಟು ಜನ ಎಂದು ಎಣಿಸಿ ಬರೆಯುತ್ತೀರಾ? ಹೆಸರು ಬೇಡ, ಲೆಕ್ಕ ಸಾಕು. ಆಗಸ್ಟ್ ಸಂಚಿಕೆಯ ಮೊದಲ ಪುಟದಲ್ಲಿ ಹಾಕುತ್ತೇನೆ, ತಾಲ್ಲೂಕು ಕಚೇರಿಗೂ ಒಂದು ಪ್ರತಿ ಕೊಡುತ್ತೇನೆ.

ಇನ್ನೊಂದು ಸಣ್ಣ ಮಾತು. ಮಳೆ ಜೋರಾದಾಗ ಟೆಂಪೊದ ಕಿಟಕಿ ಎಲ್ಲ ಎಳೆದುಬಿಡುತ್ತಾರೆ, ಒಳಗೆ ಉಸಿರು ಕಟ್ಟುತ್ತದೆ. ಮಳೆ ಹೊಡೆಯದ ಬದಿಯ ಒಂದೆರಡು ಕಿಟಕಿಯಾದರೂ ತೆರೆದಿಡಿ. ದಿನಕ್ಕೆ ಹತ್ತು ಟ್ರಿಪ್ ಆ ಗಾಳಿಯಲ್ಲಿ ಕೂರುವವರು ನೀವು ಮತ್ತು ಆ ಹುಡುಗ. ಲಸಿಕೆ ಆಗಿಲ್ಲವಾದರೆ ಇಬ್ಬರೂ ಹಾಕಿಸಿಕೊಳ್ಳಿ.

ಚಂದಾ ವಿಷಯ. ಪತ್ರಿಕೆ ನಿಲ್ಲಿಸುವುದಿಲ್ಲ, ಮುಂದಿನ ತಿಂಗಳೂ ಬರುತ್ತದೆ. ದುಡ್ಡು ದೀಪಾವಳಿ ಹೊತ್ತಿಗೆ ಆದರೆ ಕೊಡಿ, ಆಗದಿದ್ದರೆ ಯುಗಾದಿಗೆ ನೋಡೋಣ.